ಬೆರಳುಗಳ ಬವಣೆಯನ್ನು ಅಳೆದ ಆಗಸ್ಟ್ ಡ್ವೊರಾಕ್

ನಮ್ಮ ಶಾಲೆಯಲ್ಲಿ ಓದಿ ಹೊರಬಂದ ಹಿಂದಿನ ತಲೆಮಾರಿನವರಲ್ಲಿ ಎಸ್.ಎಸ್.ಸಿ. ಪರೀಕ್ಷೆ ಮುಗಿದ ಮರುವಾರವೇ ಟೈಪಿಂಗ್ ಕ್ಲಾಸಿನ ಮೆಟ್ಟಿಲು ಹತ್ತಿದವರು ಬಹಳ ಮಂದಿ. ಕೊಲ್ಹಾಪುರದಲ್ಲಾಗಲಿ, ಇಚಲಕರಂಜಿಯಲ್ಲಾಗಲಿ, ಗಡಹಿಂಗ್ಲಜದಲ್ಲಾಗಲಿ ಇಂಥ ಕ್ಲಾಸುಗಳು ಪೇಟೆಯ ನಡುವೆ ಯಾವುದೋ ಅಂಗಡಿಯ ಮೇಲುಮಾಳಿಗೆಯಲ್ಲಿ ಇರುತ್ತಿದ್ದವು. ಕೆಳಗಿನ ರಸ್ತೆಯವರೆಗೂ ಕೇಳಿಸುವ ಆ ಖಟಖಟ ಸದ್ದು ನಮ್ಮ ಪಾಲಿಗೆ ನೌಕರಿಯ ಬಾಗಿಲು ಬಡಿಯುವ ಸದ್ದೇ ಆಗಿತ್ತು. ಎಡಗೈಯಿಂದ ಎ, ಎಸ್, ಡಿ, ಎಫ್. ಬಲಗೈಯಿಂದ ಸೆಮಿಕೋಲನ್, ಎಲ್, ಕೆ, ಜೆ. ಹಾಳೆ ತುಂಬುವವರೆಗೆ ಇದೇ ಪಾಠ. ಸಂಜೆ ಮನೆಗೆ ಬಂದು ಊಟಕ್ಕೆ ಕುಳಿತಾಗ ಎಡಗೈಯ ಕಿರುಬೆರಳು ಸೆಟೆದುಕೊಂಡಿರುತ್ತಿತ್ತು. ನೋವು ನಮ್ಮ ಕೈಯ ದೌರ್ಬಲ್ಯವೆಂದೇ ನಾವೆಲ್ಲ ನಂಬಿದ್ದೆವು. ಅಕ್ಷರಗಳು ಆ ಜಾಗದಲ್ಲಿಯೇ ಏಕೆ ಇರಬೇಕು, ಬೇರೆ ಕಡೆ ಇದ್ದರೆ ಏನಾದೀತು ಎಂದು ಕೇಳಬೇಕೆಂಬುದು ನಮಗೆ ಹೊಳೆಯಲೇ ಇಲ್ಲ.

ಆ ಪ್ರಶ್ನೆಯನ್ನು ಕೇಳಿ, ಅದರ ಉತ್ತರಕ್ಕಾಗಿ ಆಯುಷ್ಯದ ಬಹುಭಾಗವನ್ನು ಸವೆಸಿದವರು ಆಗಸ್ಟ್ ಡ್ವೊರಾಕ್. ಅವರು ಯಂತ್ರಶಿಲ್ಪಿಯಾಗಿರಲಿಲ್ಲ, ವ್ಯಾಪಾರಿಯೂ ಆಗಿರಲಿಲ್ಲ. ಶಿಕ್ಷಣಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕರಾಗಿದ್ದರು. ಒಂದು ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅವರ ಜೀವನವನ್ನು ನೆನೆಯುವುದಕ್ಕೆ ಇದೊಂದೇ ಕಾರಣ ಸಾಕು.

ಅವರ ಕಥೆಗೆ ಮೊದಲು ಅವರು ಎದುರಿಸಿದ ಯಂತ್ರದ ಕಥೆಯನ್ನು ಹೇಳಬೇಕು. ಅಮೆರಿಕದ ಮಿಲ್ವಾಕೀ ನಗರದ ಪತ್ರಿಕಾ ಸಂಪಾದಕರಾಗಿದ್ದ ಕ್ರಿಸ್ಟಫರ್ ಲೇಥಮ್ ಶೋಲ್ಸ್ ಎಂಬವರು ಇಬ್ಬರು ಸಂಗಡಿಗರೊಡನೆ ಬೆರಳಚ್ಚು ಯಂತ್ರವೊಂದಕ್ಕೆ 1868 ರಲ್ಲಿ ಪೇಟೆಂಟ್ ಪಡೆದರು. ಬಂದೂಕು ಮತ್ತು ಹೊಲಿಗೆ ಯಂತ್ರಗಳನ್ನು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿ ಅದನ್ನು 1874 ರಲ್ಲಿ ಮಾರುಕಟ್ಟೆಗೆ ತಂದಿತು. ಮೊದಲ ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಇದ್ದವು. ಬರೆದದ್ದು ಬರೆಯುವವನ ಕಣ್ಣಿಗೆ ಕೂಡಲೇ ಕಾಣುತ್ತಲೂ ಇರಲಿಲ್ಲ. ಮೇಲಿನ ಸಾಲಿನ ಮೊದಲ ಆರು ಅಕ್ಷರಗಳಿಂದಾಗಿ ಇಂದು ಕ್ವರ್ಟಿ ಎಂದು ಕರೆಯಲ್ಪಡುವ ವಿನ್ಯಾಸ ಆ ವರ್ಷಗಳಲ್ಲಿಯೇ ರೂಪುಗೊಂಡಿತು. ಜೊತೆಜೊತೆಯಾಗಿ ಬರುವ ಅಕ್ಷರಗಳ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಅವನ್ನು ದೂರದೂರ ಇರಿಸಲಾಯಿತೆಂದು ಕೆಲವರು ಹೇಳುತ್ತಾರೆ. ತಂತಿ ಕಚೇರಿಯವರ ಅನುಕೂಲಕ್ಕೆ ತಕ್ಕಂತೆ ಅಕ್ಷರಗಳು ಸ್ಥಳ ಬದಲಿಸಿದವೆಂದು ಬೇರೆ ಕೆಲವರು ವಾದಿಸುತ್ತಾರೆ. ಯಾವುದೇ ಆಗಲಿ, ಒಂದು ಮಾತು ನಿಶ್ಚಿತ. ಆಗ ಜನ ಕೀಲಿಗಳನ್ನು ನೋಡುತ್ತ, ಒಂದೆರಡು ಬೆರಳುಗಳಿಂದ ಹುಡುಕಿ ಒತ್ತುತ್ತಿದ್ದರು. ಹತ್ತೂ ಬೆರಳುಗಳಿಂದ, ಕೀಲಿಮಣೆಯನ್ನು ನೋಡದೆ ಬರೆಯುವ ಪದ್ಧತಿಗೆ ಹೆಸರು ಬಂದದ್ದು 1888 ರಲ್ಲಿ ಸಿನ್‌ಸಿನ್ಯಾಟಿ ನಗರದ ಸ್ಪರ್ಧೆಯೊಂದರಲ್ಲಿ ಫ್ರಾಂಕ್ ಮೆಗರಿನ್ ಎಂಬವರು ಗೆದ್ದ ಮೇಲೆ. ಎಂದರೆ, ನಾವು ಹತ್ತು ಬೆರಳುಗಳಿಂದ ಕಲಿತ ವಿನ್ಯಾಸ ಹತ್ತು ಬೆರಳುಗಳಿಗಾಗಿ ಹುಟ್ಟಿದ್ದೇ ಅಲ್ಲ. ಶೋಲ್ಸರಿಗೂ ತಮ್ಮ ಕೆಲಸದ ಬಗ್ಗೆ ಪೂರ್ಣ ಸಮಾಧಾನವಿದ್ದಂತೆ ತೋರುವುದಿಲ್ಲ. ಅವರು 1890 ರಲ್ಲಿ ತೀರಿಕೊಂಡರು. ಅವರ ಮರಣಾನಂತರ 1896 ರಲ್ಲಿ ಮಂಜೂರಾದ ಪೇಟೆಂಟಿನಲ್ಲಿ ಅಕ್ಷರಗಳ ಜೋಡಣೆಯೇ ಬೇರೆ. ಆದರೆ ಅಷ್ಟರಲ್ಲಿ ಹಳೆಯ ಜೋಡಣೆ ಶಾಲೆಗಳನ್ನೂ ಕಚೇರಿಗಳನ್ನೂ ಹೊಕ್ಕು ಬೇರೂರಿತ್ತು.

ಆಗಸ್ಟ್ ಡ್ವೊರಾಕ್ 1894 ರ ಮೇ 5 ರಂದು ಅಮೆರಿಕದ ಮಿನ್ನೆಸೋಟಾ ಸಂಸ್ಥಾನದ ಗ್ಲೆಂಕೋ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಅವರ ಮನೆತನದ ಮೂಲ ಯುರೋಪಿನ ಚೆಕ್ ನಾಡು. ಹೆಸರಾಂತ ಸಂಗೀತ ರಚನಕಾರ ಆಂಟೊನಿನ್ ದ್ವೊರ್ಜಾಕರಿಗೆ ಅವರು ದೂರದ ಸಂಬಂಧಿಯೆಂಬ ಮಾತೂ ಇದೆ. ಮುಂದೆ ಅವರು ಅಮೆರಿಕದ ಪಶ್ಚಿಮ ಕರಾವಳಿಯ ಸಿಯಾಟಲ್ ನಗರಕ್ಕೆ ಹೋಗಿ, ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರಾದರು. ಕಲಿಯುವವನ ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಒಂದು ಕೌಶಲ ಕೈಗೆ ಹೇಗೆ ಒಗ್ಗುತ್ತದೆ ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು.

ಅವರ ಜೀವನದ ದಿಕ್ಕು ಬದಲಾದದ್ದು ಒಬ್ಬ ವಿದ್ಯಾರ್ಥಿನಿಯ ಪ್ರಬಂಧದಿಂದ. ಗರ್ಟ್ರೂಡ್ ಫೋರ್ಡ್ ಎಂಬವರು ಸ್ನಾತಕೋತ್ತರ ಪದವಿಗಾಗಿ ಬೆರಳಚ್ಚಿನಲ್ಲಿ ಸಂಭವಿಸುವ ತಪ್ಪುಗಳ ಕುರಿತು ಪ್ರಬಂಧ ಬರೆಯುತ್ತಿದ್ದರು. ಡ್ವೊರಾಕರು ಆ ತಪ್ಪುಗಳನ್ನು ಪರಿಶೀಲಿಸುತ್ತ ಹೋದಂತೆ ಅವರಿಗೆ ಒಂದು ಸಂಶಯ ಹುಟ್ಟಿತು. ತಪ್ಪು ಮಾಡುವವರೆಲ್ಲರೂ ಒಂದೇ ಬಗೆಯ ತಪ್ಪು ಮಾಡುತ್ತಿದ್ದರೆ, ಅದು ಅವರ ಅಲಕ್ಷ್ಯವೇ ಅಥವಾ ಅವರ ಕೈಗೆ ಕೊಟ್ಟ ಉಪಕರಣದ ದೋಷವೇ? ವಿದ್ಯಾರ್ಥಿ ಎಡವಿದಾಗ ಮೊದಲು ಪಾಠವನ್ನು ಪರೀಕ್ಷಿಸಬೇಕೆಂಬುದು ಒಳ್ಳೆಯ ಶಿಕ್ಷಕರ ಪದ್ಧತಿ. ಡ್ವೊರಾಕರು ಅದನ್ನು ಕೀಲಿಮಣೆಗೆ ಅನ್ವಯಿಸಿದರು.

ಈ ಕಾರ್ಯದಲ್ಲಿ ಅವರಿಗೆ ಜೊತೆಯಾದವರು ಅವರ ಹತ್ತಿರದ ನೆಂಟರಾದ ವಿಲಿಯಂ ಡೀಲಿ. ಅವರೂ ಟೆಕ್ಸಾಸಿನಲ್ಲಿ ಶಿಕ್ಷಣಶಾಸ್ತ್ರದ ಅಧ್ಯಾಪಕರು. ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ಎಂಬ ಪ್ರಸಿದ್ಧ ದಂಪತಿಗಳ ಉಪನ್ಯಾಸವನ್ನು ಡೀಲಿಯವರು ಕೇಳಿದ್ದರು. ಕೆಲಸಗಾರರ ಕೈಗಳ ಚಲನೆಯನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ನಿಧಾನಗತಿಯಲ್ಲಿ ನೋಡಿ, ವ್ಯರ್ಥವಾದ ಚಲನೆಗಳನ್ನು ತೆಗೆದುಹಾಕುವ ಶಾಸ್ತ್ರವನ್ನು ಆ ದಂಪತಿಗಳು ಬೆಳೆಸಿದ್ದರು. ಒಂದು ಇಟ್ಟಿಗೆಯನ್ನು ಗೋಡೆಗೆ ಕೂರಿಸಲು ಬೇಕಾಗುತ್ತಿದ್ದ ಹದಿನೆಂಟು ಚಲನೆಗಳನ್ನು ಫ್ರಾಂಕ್ ಗಿಲ್‌ಬ್ರೆತ್ ನಾಲ್ಕೈದಕ್ಕೆ ಇಳಿಸಿದ್ದರು. ಇಚಲಕರಂಜಿಯವರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಮಗ್ಗದ ಮುಂದೆ ನಿಂತ ನೇಕಾರ ಕಡಿದ ಎಳೆಯನ್ನು ಹಿಡಿದು ಗಂಟು ಹಾಕಿ ಮಗ್ಗವನ್ನು ಮತ್ತೆ ನಡೆಸುವಾಗ ಅವನ ಬೆರಳುಗಳು ಎಷ್ಟು ಕಡಿಮೆ ದೂರ ಸಂಚರಿಸುತ್ತವೆ ಎಂಬುದನ್ನು ಅಲ್ಲಿನ ಮಕ್ಕಳು ತೊಟ್ಟಿಲಿನಿಂದಲೇ ನೋಡುತ್ತಾರೆ. ದಿನಕ್ಕೆ ನೂರಾರು ಬಾರಿ ಮಾಡುವ ಕೆಲಸದಲ್ಲಿ ಒಂದು ಅಂಗುಲದ ಉಳಿತಾಯವೂ ಸಂಜೆಯ ಹೊತ್ತಿಗೆ ಭುಜದಲ್ಲಿ ತಿಳಿಯುತ್ತದೆ. ಬೆರಳಚ್ಚುಗಾರ ದಿನಕ್ಕೆ ಸಾವಿರಾರು ಬಾರಿ ಕೀಲಿ ಒತ್ತುತ್ತಾನೆ.

ಡ್ವೊರಾಕರೂ ಡೀಲಿಯವರೂ ಹಲವು ವರ್ಷಗಳ ಕಾಲ ಇಂಗ್ಲಿಷ್ ಬರವಣಿಗೆಯಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆ, ಯಾವ ಅಕ್ಷರದ ಹಿಂದೆ ಯಾವುದು ಬರುತ್ತದೆ ಎಂದು ಎಣಿಸಿದರು. ಕೈಯ ರಚನೆಯನ್ನೂ, ಯಾವ ಬೆರಳಿಗೆ ಎಷ್ಟು ಬಲ ಎಂಬುದನ್ನೂ ಅಭ್ಯಸಿಸಿದರು. ಆಗ ಹಳೆಯ ಕೀಲಿಮಣೆಯ ದೋಷಗಳು ಒಂದೊಂದಾಗಿ ಹೊರಬಿದ್ದವು. ಬೆರಳುಗಳು ವಿಶ್ರಮಿಸುವ ನಡುಸಾಲಿನಲ್ಲಿ ನಡೆಯುವ ಕೆಲಸ ನೂರಕ್ಕೆ 32 ರಷ್ಟು ಮಾತ್ರ. ಮೇಲುಸಾಲಿನಲ್ಲಿ 52 ರಷ್ಟು. ಉಳಿದ 16 ರಷ್ಟು ಎಲ್ಲಕ್ಕಿಂತ ಕಷ್ಟದ ಕೆಳಸಾಲಿನಲ್ಲಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಇ ಮತ್ತು ಟಿ ಅಕ್ಷರಗಳು ಮೇಲೆ ಕುಳಿತಿದ್ದವು. ಅಪರೂಪಕ್ಕೆ ಬರುವ ಜೆ ಅಕ್ಷರ ಬಲಗೈಯ ತೋರುಬೆರಳಿನ ಕೆಳಗೆ, ರಾಜಾಸನದಲ್ಲಿ. ಮಿನಿಮಮ್ ಎಂಬ ಇಂಗ್ಲಿಷ್ ಪದವನ್ನು ಟೈಪ್ ಮಾಡಿದವರಿಗೆ ಈ ಸಂಕಟ ಗೊತ್ತು. ಆ ಪದದ ಏಳಕ್ಕೆ ಏಳು ಅಕ್ಷರಗಳೂ ಬಲಗೈಯ ಪಾಲಿನವು. ಬೆರಳುಗಳು ಕೆಳಸಾಲಿನಿಂದ ಮೇಲುಸಾಲಿಗೆ, ಮತ್ತೆ ಕೆಳಕ್ಕೆ ಹಾರುತ್ತಲೇ ಇರಬೇಕು, ಎಡಗೈ ಸುಮ್ಮನೆ ಕುಳಿತಿರುತ್ತದೆ.

1932 ರ ಹೊತ್ತಿಗೆ ಹೊಸ ವಿನ್ಯಾಸ ಸಿದ್ಧವಾಯಿತು. 1936 ರ ಮೇ 12 ರಂದು ಅದಕ್ಕೆ 2,040,248 ನೆಯ ಸಂಖ್ಯೆಯ ಅಮೆರಿಕನ್ ಪೇಟೆಂಟ್ ದೊರೆಯಿತು. ಐದು ಸ್ವರಾಕ್ಷರಗಳನ್ನು, ಎ, ಓ, ಇ, ಯು, ಐ ಎಂಬ ಕ್ರಮದಲ್ಲಿ, ಎಡಗೈಯ ನಡುಸಾಲಿಗೆ ಕೊಡಲಾಯಿತು. ಹೆಚ್ಚಾಗಿ ಬರುವ ಐದು ವ್ಯಂಜನಗಳಾದ ಡಿ, ಎಚ್, ಟಿ, ಎನ್, ಎಸ್ ಬಲಗೈಯ ನಡುಸಾಲಿಗೆ ಬಂದವು. ಇದರಿಂದ ಎರಡು ಲಾಭಗಳಾದವು. ಒಂದನೆಯದು, ಕೆಲಸದ ನೂರಕ್ಕೆ 70 ರಷ್ಟು ಬೆರಳುಗಳು ತಮ್ಮ ನೆಲೆಯಿಂದ ಅಲುಗಾಡದೆಯೇ ನಡೆಯತೊಡಗಿತು. ಕೆಳಸಾಲಿನ ಪಾಲು 8 ಕ್ಕೆ ಇಳಿಯಿತು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಭಾಷೆಯಲ್ಲಿ ವ್ಯಂಜನದ ಬೆನ್ನಿಗೆ ಸ್ವರ, ಸ್ವರದ ಬೆನ್ನಿಗೆ ವ್ಯಂಜನ ಬರುವುದು ಸಹಜ. ಸ್ವರಗಳೆಲ್ಲ ಒಂದು ಕೈಯಲ್ಲಿದ್ದು ವ್ಯಂಜನಗಳೆಲ್ಲ ಇನ್ನೊಂದು ಕೈಯಲ್ಲಿದ್ದರೆ, ನಡೆಯುವಾಗ ಎರಡು ಕಾಲುಗಳು ಸರದಿಯಂತೆ ಬೀಳುವ ಹಾಗೆ, ಕೈಗಳೂ ಸರದಿಯಂತೆ ಕೆಲಸ ಮಾಡುತ್ತವೆ. ಒಂದು ಕೈ ಒತ್ತುವಾಗ ಇನ್ನೊಂದು ಮುಂದಿನ ಅಕ್ಷರಕ್ಕೆ ಅಣಿಯಾಗುತ್ತದೆ. ಒಂದೇ ಕೈಯಿಂದ ಎರಡು ಮೂರು ಅಕ್ಷರಗಳನ್ನು ಒತ್ತಬೇಕಾದಾಗಲೂ ಬೆರಳುಗಳು ಕಿರುಬೆರಳಿನಿಂದ ತೋರುಬೆರಳಿನ ಕಡೆಗೆ ಸಾಗುವಂತೆ ಡ್ವೊರಾಕರು ಏರ್ಪಡಿಸಿದರು. ಬೇಸರವಾದಾಗ ಮೇಜಿನ ಮೇಲೆ ಬೆರಳುಗಳನ್ನು ತಾಳ ಹಾಕಿ ನೋಡಿರಿ, ಕೈ ತಾನಾಗಿ ಹೋಗುವ ದಿಕ್ಕು ಅದೇ.

ಕೊಲ್ಹಾಪುರದ ಚಪ್ಪಲಿ ಮಾಡುವ ಕುಶಲಕರ್ಮಿ ಕಾಲನ್ನು ನೋಡಿ ತೊಗಲನ್ನು ಕತ್ತರಿಸುತ್ತಾನೆ. ತೊಗಲಿಗೆ ತಕ್ಕಂತೆ ಕಾಲನ್ನು ಬಗ್ಗಿಸು ಎನ್ನುವುದಿಲ್ಲ. ಡ್ವೊರಾಕರು ಮಾಡಿದ್ದೂ ಅಷ್ಟೆ. ಅಂಕಿಗಳ ಸಾಲನ್ನು ಮಾತ್ರ ಅವರು 7, 5, 3, 1, 9 ಎಂದು ಆರಂಭಿಸಿ ಕಲಸಿಬಿಟ್ಟರು. ಅಲ್ಲಿ ಅವರು ಸ್ವಲ್ಪ ಅತಿಗೆ ಹೋದರೆಂದೇ ಈ ಲೇಖಕನ ಅಭಿಪ್ರಾಯ. ಮುಂದೆ ಬಂದವರೂ ಹೆಚ್ಚಾಗಿ ಅಂಕಿಗಳನ್ನು ಹಳೆಯ ಕ್ರಮಕ್ಕೇ ಮರಳಿಸಿದರು.

ಪೇಟೆಂಟ್ ದೊರೆತ ವರ್ಷವೇ ಡ್ವೊರಾಕ್, ಡೀಲಿ, ಫೋರ್ಡ್ ಮತ್ತು ನೆಲ್ಲಿ ಮೆರಿಕ್ ಸೇರಿ ಬೆರಳಚ್ಚಿನ ಮನಶ್ಶಾಸ್ತ್ರವನ್ನೂ ಬೋಧನಾಕ್ರಮವನ್ನೂ ಕುರಿತ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಆದರೆ ಗ್ರಂಥಗಳಿಂದ ಕಚೇರಿಗಳು ಬದಲಾಗುವುದಿಲ್ಲವೆಂದು ಡ್ವೊರಾಕರಿಗೆ ಗೊತ್ತಿತ್ತು. ಅವರು ತಮ್ಮ ಪದ್ಧತಿಯಲ್ಲಿ ತರಬೇತಿ ಹೊಂದಿದವರನ್ನು ಬೆರಳಚ್ಚು ಸ್ಪರ್ಧೆಗಳಿಗೆ ಕರೆದೊಯ್ದರು. 1930 ರ ದಶಕದಲ್ಲಿ ಈ ತರುಣ ತರುಣಿಯರು ಅನೇಕ ಬಹುಮಾನಗಳನ್ನು ಗೆದ್ದರು. ಅವರ ಯಂತ್ರಗಳ ಬಿರುಸಾದ ಸದ್ದಿನಿಂದ ಎದೆಗುಂದಿದ ಎದುರಾಳಿಗಳು ತಮ್ಮನ್ನು ದೂರ ಕೂರಿಸಬೇಕೆಂದು ಬೇಡಿಕೊಂಡರೆಂಬ ಕಥೆ ಕೂಡ ಇದೆ.

ಶಾಲೆಗಳ ಮಟ್ಟದಲ್ಲಿ ನಡೆದ ಪ್ರಯೋಗ ನಮಗೆ ಹೆಚ್ಚು ಹತ್ತಿರದ್ದು. ಸಿಯಾಟಲ್ಲಿನ ನೆರೆಯ ಟಕೋಮಾ ನಗರದ ಶಾಲೆಗಳಲ್ಲಿ ಸುಮಾರು 2,700 ವಿದ್ಯಾರ್ಥಿಗಳಿಗೆ ಹೊಸ ಕೀಲಿಮಣೆಯನ್ನು ಕಲಿಸಲಾಯಿತು. ಹಳೆಯದನ್ನು ಕಲಿಯಲು ಬೇಕಾಗುವ ಕಾಲದ ಮೂರನೆಯ ಒಂದು ಭಾಗದಲ್ಲಿ ಅವರು ಕಲಿತರೆಂದು ಅದರ ವರದಿ. ಆಮೇಲೆ ಶಾಲಾ ಮಂಡಳಿಗೆ ಚುನಾವಣೆ ನಡೆಯಿತು, ಹೊಸ ಸದಸ್ಯರು ಬಂದರು, ಹೊಸ ಕೀಲಿಮಣೆಯ ವರ್ಗಗಳನ್ನು ನಿಲ್ಲಿಸಿದರು. ಅವರನ್ನು ನಾವು ಸುಲಭವಾಗಿ ದೂಷಿಸಲಾರೆವು. ಶಾಲೆಯಿಂದ ಹೊರಬಿದ್ದ ಹುಡುಗಿ ನೌಕರಿಗೆ ಹೋದ ಕಡೆ ಮೇಜಿನ ಮೇಲೆ ಇರುವುದು ಹಳೆಯ ಯಂತ್ರ. ಹೊಸದನ್ನು ಬಲ್ಲವರಿಲ್ಲವೆಂದು ಕಚೇರಿಯವರು ಹೊಸ ಯಂತ್ರ ಕೊಳ್ಳುವುದಿಲ್ಲ. ಕಚೇರಿಗಳಲ್ಲಿ ಹೊಸ ಯಂತ್ರವಿಲ್ಲವೆಂದು ಶಾಲೆಗಳು ಕಲಿಸುವುದಿಲ್ಲ. ಗಡಿನಾಡಿನ ಕನ್ನಡ ಶಾಲೆಗಳನ್ನು ನಡೆಸಿದವರಿಗೆ ಈ ಸುಳಿಯ ಪರಿಚಯ ಚೆನ್ನಾಗಿಯೇ ಇದೆ. ಕಲಿತದ್ದಕ್ಕೆ ಮುಂದೆ ಎಡೆಯೆಲ್ಲಿ ಎಂದು ಪಾಲಕರು ಕೇಳುವ ಪ್ರಶ್ನೆಗೆ ಉತ್ತರಿಸುತ್ತಲೇ ನಮ್ಮ ಗುರುಗಳು ಐವತ್ತು ವರ್ಷ ಕಳೆದರಲ್ಲವೇ!

ಎರಡನೆಯ ಮಹಾಯುದ್ಧ ಬಂದಿತು. ಅಮೆರಿಕದ ಬೆರಳಚ್ಚು ಯಂತ್ರದ ಕಾರ್ಖಾನೆಗಳು ಬಂದೂಕು, ಪಿಸ್ತೂಲುಗಳನ್ನು ತಯಾರಿಸತೊಡಗಿದವು. ಡ್ವೊರಾಕರು ನೌಕಾದಳದಲ್ಲಿ ಲೆಫ್ಟಿನೆಂಟ್ ಕಮಾಂಡರ್ ಆಗಿ ಸೇವೆ ಸಲ್ಲಿಸಿದರು. ಕೆಲಸದ ಕಾಲ ಮತ್ತು ಚಲನೆಗಳ ಅಧ್ಯಯನದಲ್ಲಿ ಅವರು ಅಲ್ಲಿ ಅಗ್ರಗಣ್ಯ ತಜ್ಞರೆನಿಸಿದ್ದರು. 1944 ರಲ್ಲಿ ನೌಕಾದಳ ಒಂದು ಪ್ರಯೋಗ ನಡೆಸಿತು. 14 ಜನ ಬೆರಳಚ್ಚುಗಾರರಿಗೆ ಹೊಸ ಕೀಲಿಮಣೆಯಲ್ಲಿ ಮರುತರಬೇತಿ ನೀಡಲಾಯಿತು. ಸರಾಸರಿ 52 ಗಂಟೆಗಳಲ್ಲಿ ಅವರು ತಮ್ಮ ಹಳೆಯ ವೇಗವನ್ನು ಮುಟ್ಟಿದರು. 83 ಗಂಟೆಗಳ ಕೊನೆಗೆ ನಿಮಿಷಕ್ಕೆ 32 ಪದಗಳಿದ್ದ ವೇಗ 56 ಕ್ಕೆ ಏರಿತೆಂದು ವರದಿಯಾಯಿತು. 18 ಜನರ ಇನ್ನೊಂದು ಗುಂಪಿಗೆ ಹಳೆಯ ಕೀಲಿಮಣೆಯಲ್ಲಿಯೇ 158 ಗಂಟೆಗಳ ತರಬೇತಿ ಕೊಟ್ಟಾಗ ಅವರ ವೇಗ 29 ರಿಂದ 37 ಕ್ಕೆ ಮಾತ್ರ ಏರಿತು. ಓದಿದವರಿಗೆ ಗೆಲುವು ನಿಚ್ಚಳವೆನಿಸುತ್ತದೆ. ಆದರೆ ಎರಡು ಗುಂಪುಗಳ ಸರಾಸರಿಯನ್ನು ಲೆಕ್ಕ ಹಾಕಿದ ಕ್ರಮ ಒಂದೇ ಆಗಿರಲಿಲ್ಲವೆಂದೂ, ಹೊಸ ಕೀಲಿಮಣೆಯಿಂದ ಲಾಭ ಹೊಂದಬೇಕಾದವರೇ ಪ್ರಯೋಗದ ಹತ್ತಿರ ನಿಂತಿದ್ದುದು ಉಚಿತವಲ್ಲವೆಂದೂ ಅರ್ಥಶಾಸ್ತ್ರಜ್ಞರಾದ ಲೀಬೊವಿಟ್ಸ್ ಮತ್ತು ಮಾರ್ಗೊಲಿಸ್ 1990 ರಲ್ಲಿ ಬರೆದರು. ಅವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸ್ವಂತ ಮಗುವಿನ ಉತ್ತರಪತ್ರಿಕೆಯನ್ನು ತಾಯಿಯೇ ತಿದ್ದಬಾರದು.

ಹೆಚ್ಚಿನ ಪೆಟ್ಟು ಬಿದ್ದದ್ದು 1956 ರಲ್ಲಿ. ಅಮೆರಿಕ ಸರಕಾರದ ಸಾಮಾನ್ಯ ಸೇವಾ ಇಲಾಖೆಗಾಗಿ ಅರ್ಲ್ ಸ್ಟ್ರಾಂಗ್ ಎಂಬ ಪ್ರಾಧ್ಯಾಪಕರು ಮತ್ತೊಂದು ಪ್ರಯೋಗ ನಡೆಸಿದರು. ಹತ್ತು ಜನರಿಗೆ ದಿನಕ್ಕೆ ನಾಲ್ಕು ಗಂಟೆಯಂತೆ ಹೊಸ ಕೀಲಿಮಣೆ ಕಲಿಸಲಾಯಿತು. ಅವರು ತಮ್ಮ ಹಳೆಯ ವೇಗಕ್ಕೆ ಬರಲು ಇಪ್ಪತ್ತೈದು ದಿನಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಆ ಬಳಿಕ ಹಳೆಯ ಕೀಲಿಮಣೆಯಲ್ಲಿಯೇ ಹೆಚ್ಚಿನ ತರಬೇತಿ ಪಡೆದ ಹತ್ತು ಜನರೊಡನೆ ಹೋಲಿಸಿದಾಗ ಹಳೆಯದೇ ಮುಂದಾಯಿತು. ಬದಲಾವಣೆಗೆ ತಗಲುವ ವೆಚ್ಚಕ್ಕೆ ತಕ್ಕ ಫಲವಿಲ್ಲವೆಂದು ಸ್ಟ್ರಾಂಗ್ ವರದಿ ಕೊಟ್ಟರು. ಅವರಿಗೆ ಪೂರ್ವಗ್ರಹವಿತ್ತೆಂದು ಡ್ವೊರಾಕರ ಪಕ್ಷದವರು ಆಕ್ಷೇಪಿಸಿದರು; ಆದರೆ ಸರಕಾರದ ಬಾಗಿಲು ಮುಚ್ಚಿಹೋಗಿತ್ತು. ಪೇಟೆಂಟಿನ ಅವಧಿಯೂ 1953 ರಲ್ಲಿಯೇ ಮುಗಿದಿತ್ತು. ಡ್ವೊರಾಕರು ತೀವ್ರವಾಗಿ ನೊಂದರು. ಜನರಿಗೆ ಒಳಿತಾಗಲೆಂದು ಮಾಡಿದ ಕೆಲಸ ಜನರಿಗೇ ಬೇಡವಾಯಿತೆಂಬ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಡ್ವೊರಾಕರ ಸೋಲಿಗೆ ಅವರು ಆರಿಸಿಕೊಂಡ ಅಳತೆಗೋಲೂ ಒಂದು ಕಾರಣ. ಅವರು ವೇಗದ ಪಣ ಒಡ್ಡಿದರು. ವೇಗವೆಂಬುದು ಅಭ್ಯಾಸದಿಂದ ಬರುವಂಥದು. ಕೆಟ್ಟ ಕೀಲಿಮಣೆಯಲ್ಲಿಯೂ ಪಳಗಿದ ಕೈ ಓಡುತ್ತದೆ. ಹೊಸ ವಿನ್ಯಾಸದ ನಿಜವಾದ ಗುಣವಿದ್ದದ್ದು ಬೆರಳುಗಳು ಕಡಿಮೆ ದೂರ ಸಂಚರಿಸುವುದರಲ್ಲಿ, ಎರಡೂ ಕೈಗಳು ಹೊರೆಯನ್ನು ಹಂಚಿಕೊಳ್ಳುವುದರಲ್ಲಿ. ಆದರೆ ನೋವಾಗದಿರುವುದಕ್ಕೆ ಪದಕ ಕೊಡುವ ಸ್ಪರ್ಧೆಗಳಿಲ್ಲ. ಕೈಯಲ್ಲಿನ ನೋವನ್ನು ಲೆಕ್ಕದ ವಹಿಯಲ್ಲಿ ಬರೆಯುವ ಪದ್ಧತಿಯೂ ಆಗ ಇರಲಿಲ್ಲ. ಮೂವತ್ತು ವರ್ಷ ಟೈಪ್ ಮಾಡಿದ ಕಾರಕೂನ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಿದ್ದ, ಸೆಡೆತ ಬೆರಳುಗಳಿಗೆ ಹೆಂಡತಿ ಎಣ್ಣೆ ತಿಕ್ಕುತ್ತಿದ್ದಳು. ಅದು ಯಾವ ವರದಿಗೂ ಸೇರಲಿಲ್ಲ.

ಡ್ವೊರಾಕರ ಅಂತಃಕರಣ ಚೆನ್ನಾಗಿ ಕಾಣುವುದು ಅವರ ಇನ್ನೊಂದು ಕೆಲಸದಲ್ಲಿ. ಯುದ್ಧದಲ್ಲಿ ಕೈ ಕಳೆದುಕೊಂಡು ಬಂದ ಸೈನಿಕರಿಗಾಗಿ ಅವರು ಎರಡು ಬೇರೆ ಕೀಲಿಮಣೆಗಳನ್ನು ರೂಪಿಸಿದರು: ಒಂದು ಎಡಗೈ ಮಾತ್ರ ಇರುವವರಿಗೆ, ಇನ್ನೊಂದು ಬಲಗೈ ಮಾತ್ರ ಇರುವವರಿಗೆ. ಉಳಿದ ಒಂದು ಕೈಯ ಐದು ಬೆರಳುಗಳಿಗೆ ಯಾವ ಅಕ್ಷರಗಳು ಹತ್ತಿರವಿರಬೇಕೆಂದು ಮತ್ತೆ ಮೊದಲಿನಿಂದ ಲೆಕ್ಕ ಹಾಕಿ ಜೋಡಿಸಿದರು. ಯುದ್ಧದಲ್ಲಿ ತೋಳು ಕಳೆದುಕೊಂಡ ಒಬ್ಬ ಕರ್ನಲ್ ಅದನ್ನು ಕಲಿತು ತನ್ನ ಬರವಣಿಗೆಯ ವೃತ್ತಿಗೆ ಮರಳಿದನು.

1975 ರ ಅಕ್ಟೋಬರ್ 10 ರಂದು, 81 ನೆಯ ವಯಸ್ಸಿನಲ್ಲಿ, ಆಗಸ್ಟ್ ಡ್ವೊರಾಕ್ ಸಿಯಾಟಲ್ ನಗರದಲ್ಲಿ ನಿಧನ ಹೊಂದಿದರು. ಅದಾದ ಏಳು ವರ್ಷಗಳಿಗೆ, 1982 ರಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಅವರ ವಿನ್ಯಾಸಕ್ಕೆ ಕ್ವರ್ಟಿಯ ಜೊತೆಗೆ ಪರ್ಯಾಯ ಮಾನಕವೆಂಬ ಮನ್ನಣೆ ನೀಡಿತು. 1984 ರಲ್ಲಿ ಬಂದ ಆಪಲ್ ಕಂಪನಿಯ ಟು-ಸಿ ಎಂಬ ಗಣಕದಲ್ಲಿ ಹಳೆಯದರಿಂದ ಹೊಸದಕ್ಕೆ ಬದಲಾಯಿಸಲು ಒಂದು ಗುಂಡಿಯನ್ನೇ ಇರಿಸಿದ್ದರು. ಮರುವರ್ಷ, 1985 ರಲ್ಲಿ, ಪಾಲ್ ಡೇವಿಡ್ ಎಂಬ ಅರ್ಥಶಾಸ್ತ್ರಜ್ಞರು, ಮೊದಲು ನೆಲೆಯೂರಿದ್ದನ್ನು ಅದಕ್ಕಿಂತ ಉತ್ತಮವಾದದ್ದು ಬಂದರೂ ಕದಲಿಸುವುದು ಎಷ್ಟು ಕಠಿಣವೆಂಬುದಕ್ಕೆ ಈ ಕೀಲಿಮಣೆಯನ್ನೇ ಉದಾಹರಣೆಯಾಗಿ ಕೊಟ್ಟರು. ಅಲ್ಲಿಂದ ಮುಂದೆ ಡ್ವೊರಾಕರ ಹೆಸರು ಅರ್ಥಶಾಸ್ತ್ರದ ಪಾಠಗಳಿಗೂ ಸೇರಿತು. ಲೀಬೊವಿಟ್ಸ್ ಮತ್ತು ಮಾರ್ಗೊಲಿಸ್ ತಮ್ಮ ಆಕ್ಷೇಪವನ್ನು ಬರೆದದ್ದು ಈ ವಾದಕ್ಕೆ ಉತ್ತರವಾಗಿಯೇ.

ಇಷ್ಟೆಲ್ಲ ಇಂಗ್ಲಿಷಿನ ಸಂಗತಿಯಾಯಿತು, ಕನ್ನಡಕ್ಕೇನು ಎಂದು ಓದುಗರು ಕೇಳಬಹುದು. ಬೆರಳಚ್ಚು ಯಂತ್ರವನ್ನು ಕನ್ನಡಕ್ಕೆ ಒಗ್ಗಿಸುವುದು ಇಂಗ್ಲಿಷಿಗಿಂತ ಬಹಳ ಕಷ್ಟದ ಕೆಲಸವಾಗಿತ್ತು. ಇದ್ದ ಕೀಲಿಗಳು ನಲವತ್ತಾರರ ಆಸುಪಾಸು. ಒಂದೊಂದಕ್ಕೆ ಎರಡರಂತೆ ತೊಂಬತ್ತು ಚಿಹ್ನೆಗಳಲ್ಲಿ ಮೂಲಾಕ್ಷರ, ಕಾಗುಣಿತ, ಒತ್ತಕ್ಷರಗಳೆಲ್ಲ ಅಡಗಬೇಕು. ಅದನ್ನು ಸಾಧಿಸಿ ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದ ಹಿರಿಮೆ ಅನಂತ ಸುಬ್ಬರಾಯರಿಗೆ ಸಲ್ಲುತ್ತದೆ. ಅಕ್ಷರವನ್ನು ತುಂಡುಗಳಾಗಿ ಒಡೆದು, ತಲೆಕಟ್ಟು, ಗುಡಿಸು, ಕೊಂಬು ಎಂದು ಒಂದರ ಪಕ್ಕ ಒಂದನ್ನು ಕೂರಿಸಿ ಬರೆಯಬೇಕಾಗಿದ್ದುದರಿಂದ ಬೆರಳುಗಳಿಗೆ ಶ್ರಮ ತಪ್ಪಿದ್ದಲ್ಲ; ಆದರೆ ಕನ್ನಡ ಕಚೇರಿಯೊಳಗೆ ಕಾಲಿಟ್ಟದ್ದು ಆ ಯಂತ್ರದ ಮೂಲಕ.

ಗಣಕ ಬಂದ ಮೇಲೆ ಆ ತುಂಡುಗಳ ಕಾಟ ನೀಗಿತು. ಕ ಒತ್ತಿ ಇಕಾರ ಒತ್ತಿದರೆ ಕಿ ಎಂಬ ರೂಪವನ್ನು ಗಣಕವೇ ಕಟ್ಟಿಕೊಡುತ್ತದೆ. ಕೆ.ಪಿ. ರಾವ್ ಅವರು ಇಂಗ್ಲಿಷ್ ಅಕ್ಷರದ ಧ್ವನಿಗೆ ಹೊಂದುವಂತೆ ಕನ್ನಡವನ್ನು ಕ್ವರ್ಟಿಯ ಮೇಲೆಯೇ ಕೂರಿಸಿದ ವಿನ್ಯಾಸ ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿತು. ಇಂಗ್ಲಿಷ್ ಬಲ್ಲ ಕೈಗೆ ಅದು ಬೇಗ ಒಗ್ಗುತ್ತದೆ. ಭಾರತ ಸರಕಾರ 1986 ರಲ್ಲಿ ಹೊರತಂದು, 1991 ರ ಭಾರತೀಯ ಮಾನಕದಲ್ಲಿ ಸೇರಿಸಿದ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸದ ದಾರಿ ಬೇರೆ. ಅದರಲ್ಲಿ ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ. ಕೆಳಸಾಲಿನ ಮ, ನ, ವ ಎಡಗೈಯ ಪಾಲಿಗೆ ಬಂದಿವೆ. ಬಲಗೈಯ ಬೆರಳುಗಳು ವಿಶ್ರಮಿಸುವ ಕಡೆ ರ, ಕ, ತ, ಚ ಇವೆ. ವ್ಯಂಜನ ಬಲಕ್ಕೆ, ಕಾಗುಣಿತ ಎಡಕ್ಕೆ, ಮತ್ತೆ ವ್ಯಂಜನ ಬಲಕ್ಕೆ. ಡ್ವೊರಾಕರು ಎಣಿಸಿ ಎಣಿಸಿ ಕಂಡುಕೊಂಡ ಕೈಗಳ ಸರದಿ ನಮ್ಮ ವರ್ಣಮಾಲೆಯಲ್ಲಿ ತಾನಾಗಿ ಕೂಡಿಬರುತ್ತದೆ, ಏಕೆಂದರೆ ನಮ್ಮ ಹಿರಿಯ ವೈಯಾಕರಣರು ಸ್ವರ ವ್ಯಂಜನಗಳನ್ನು ಬೇರ್ಪಡಿಸಿಯೇ ಇಟ್ಟಿದ್ದರು.

ಗಡಹಿಂಗ್ಲಜ, ಕೊಲ್ಹಾಪುರಗಳಂಥ ಊರಿನ ಮಕ್ಕಳಿಗೆ ಇದರಲ್ಲಿ ಇನ್ನೊಂದು ವಿಶೇಷ ಅನುಕೂಲವಿದೆ. ಕನ್ನಡದ ಕ ಇರುವ ಕೀಲಿಯಲ್ಲಿಯೇ ದೇವನಾಗರಿಯ ಕ ಇದೆ. ತ, ರ, ಪ, ಇಕಾರ, ಉಕಾರಗಳೆಲ್ಲವೂ ಹಾಗೆಯೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಎಂದು ಬೆಳೆಯುವ ಹುಡುಗ ಒಂದು ಲಿಪಿಗೆ ಬೆರಳು ಪಳಗಿಸಿದರೆ ಇನ್ನೊಂದು ಲಿಪಿ ಬಹುಮಟ್ಟಿಗೆ ಪುಕ್ಕಟೆಯಾಗಿ ಬರುತ್ತದೆ. ಒಂದು ಕಾಲಕ್ಕೆ ನಾವು ಇಂಗ್ಲಿಷಿಗೊಂದು, ಮರಾಠಿಗೊಂದು ಎಂದು ಎರಡು ಯಂತ್ರಗಳ ಮುಂದೆ ಎರಡು ಫೀ ಕಟ್ಟಿ ಕುಳಿತದ್ದನ್ನೂ, ಕನ್ನಡದ ಯಂತ್ರವನ್ನು ಗಡಿ ದಾಟಿ ಹೋಗಿ ನೋಡಿ ಬಂದದ್ದನ್ನೂ ನೆನೆದರೆ ಇದು ಸಣ್ಣ ಲಾಭವಲ್ಲ. ಆ ಮೇಲುಮಾಳಿಗೆಯ ಯಂತ್ರಗಳ ಕಾಲ ಮುಗಿಯಿತು. 1955 ರಿಂದ ನಮ್ಮ ದೇಶದಲ್ಲಿಯೇ ಬೆರಳಚ್ಚು ಯಂತ್ರ ತಯಾರಿಸಿದ ಗೋದ್ರೇಜ್ ಕಂಪನಿ ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಆ ಕೆಲಸವನ್ನು ನಿಲ್ಲಿಸಿತು.

ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ವಿಂಡೋಸ್ ಗಣಕದಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಇದೆ, ಡ್ವೊರಾಕರ ಇಂಗ್ಲಿಷ್ ವಿನ್ಯಾಸವೂ ಇದೆ. ಅದರ ಪಕ್ಕದಲ್ಲಿ ಎಡಗೈಯವರಿಗೊಂದು, ಬಲಗೈಯವರಿಗೊಂದು ಎಂದು ಅವರು ಸೈನಿಕರಿಗಾಗಿ ಮಾಡಿದ ಆ ಎರಡು ವಿನ್ಯಾಸಗಳೂ ಇವೆ. ಹಣ ಕೊಡಬೇಕಾಗಿಲ್ಲ, ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಭಾಷೆಯ ಪಟ್ಟಿಯನ್ನು ತೆರೆದು ಆರಿಸಿಕೊಂಡರೆ ಆಯಿತು. ಕೀಲಿಗಳ ಮೇಲೆ ಅಚ್ಚಾಗಿರುವ ಅಕ್ಷರಗಳು ಮಾತ್ರ ಹಳೆಯವೇ ಆಗಿರುತ್ತವೆ. ಆದ್ದರಿಂದ ಕಲಿಯುವವರು ಹೊಸ ಜೋಡಣೆಯನ್ನು ಒಂದು ಕಾಗದದ ಮೇಲೆ ದಪ್ಪಕ್ಷರಗಳಲ್ಲಿ ಬರೆದು ಎದುರಿನ ಗೋಡೆಗೆ ಅಂಟಿಸಿಕೊಳ್ಳಬೇಕು, ಕೈಗಳನ್ನು ನೋಡಬಾರದು.